ಗೋಕುಲ ರಸ್ತೆಯ ಶೆಡ್ಡಿನಲ್ಲಿ ಮಾವೋರಿ ದಂಡನಾಯಕ

ಒಪ್ಪಿಗೆ ಪತ್ರ ಮೂರು ಪುಟದ್ದು. ನನಗೆ ಸಂಬಂಧಿಸಿದ್ದು ಎರಡನೆಯ ಪುಟದ ಕೊನೆಯ ಪ್ಯಾರಾ. ಸ್ಮಾರಕದ ಅಚ್ಚು ತೆಗೆಯಕೂಡದು, ಯಂತ್ರದಿಂದ ಅದರ ರೂಪ ಹಿಡಿಯಕೂಡದು. ಫೋಟೋ ನೋಡಿ ಕೈಯಿಂದ ಪ್ರತಿ ಕೆತ್ತಬಹುದು. ಕೆತ್ತುವಾಗ ಏನನ್ನೂ ಸೇರಿಸಬಾರದು, ಏನನ್ನೂ ಬಿಡಬಾರದು. ಪ್ರತಿ ಹಂತದಲ್ಲೂ ಒಬ್ಬ ಜವಾಬ್ದಾರಿ ವ್ಯಕ್ತಿ ಮೂಲದೊಂದಿಗೆ ತಾಳೆ ನೋಡಿ ಸಹಿ ಮಾಡಬೇಕು. ಪ್ರದರ್ಶನದ ಬಾಗಿಲು ತೆರೆಯುವ ಮುನ್ನ ಸ್ಮಾರಕದ ದಂಡನಾಯಕನ ಮನೆತನದ ಹಿರಿಯರೊಬ್ಬರು ಬಂದು ನೋಡಿ ಈ ಪತ್ರಕ್ಕೆ ಕೊನೆಯ ಸಹಿ ಮಾಡುತ್ತಾರೆ. ಅವರಿಗೆ ಸರಿಬರದಿದ್ದರೆ ಫಲಕವಷ್ಟೇ ಅಲ್ಲ, ಫೋಟೋ, ಬರಹ, ದಂಡನಾಯಕನ ಹೆಸರು ಎಲ್ಲವನ್ನೂ ಹಿಂದಕ್ಕೆ ಪಡೆಯುತ್ತಾರೆ. ಜವಾಬ್ದಾರಿ ವ್ಯಕ್ತಿ ಎಂಬ ಜಾಗದಲ್ಲಿ ನನ್ನ ಹೆಸರಿತ್ತು.

ಸ್ಮಾರಕ ಇರುವುದು ನ್ಯೂಜಿಲೆಂಡಿನ ನದಿ ದಂಡೆಯ ಊರೊಂದರ ಉದ್ಯಾನದಲ್ಲಿ. ನೂರು ವರ್ಷಕ್ಕೂ ಹಳೆಯದು. ಎತ್ತರದ ಪೀಠದ ಮೇಲೆ ಸೇನೆಯ ಸಮವಸ್ತ್ರ ತೊಟ್ಟು, ಖಡ್ಗ ಹಿಡಿದು, ಆ ನಾಡಿನ ಮೂಲನಿವಾಸಿಗಳಾದ ಮಾವೋರಿಗಳ ದಂಡನಾಯಕ ನಿಂತಿದ್ದಾನೆ. ಪೀಠದ ಪಕ್ಕಗಳಲ್ಲಿ ಅವನು ನಡೆಸಿದ ಕಾಳಗಗಳ ಉಬ್ಬುಕೆತ್ತನೆಯ ಫಲಕಗಳಿವೆ. ಅವನು ಬಿಳಿಯರ ಸರ್ಕಾರದ ಪಕ್ಷದಲ್ಲಿದ್ದು ಕಾದಿದ್ದು ಬೇರೆ ಮಾವೋರಿಗಳ ಮೇಲೆ. ವಯಸ್ಸಾದ ಮೇಲೆ ತನ್ನ ಜನರ ಭೂಮಿಗಾಗಿ ಅದೇ ಸರ್ಕಾರದ ಎದುರು ವಾದಕ್ಕೆ ನಿಂತ. ಇಷ್ಟು ಸಂಗತಿಯನ್ನು ನಾನು ಮನೆತನದವರು ಕಳಿಸಿದ ಟಿಪ್ಪಣಿಯಿಂದ ತಿಳಿದುಕೊಂಡಿದ್ದೆ.

ಧಾರವಾಡದ ಮಾಳಮಡ್ಡಿಯಲ್ಲಿ, ಹಳೆಯ ಕಲ್ಲುಕಟ್ಟಡವೊಂದರಲ್ಲಿ, ಒಂದು ಸಣ್ಣ ವಸ್ತುಸಂಗ್ರಹಾಲಯವಿದೆ. ಅದರ ನಿರ್ದೇಶಕಿ ಇತಿಹಾಸದ ಪ್ರಾಧ್ಯಾಪಕಿಯಾಗಿದ್ದವರು. ಸುತ್ತಲ ಊರುಗಳ ವೀರಗಲ್ಲುಗಳ ಜೊತೆಗೆ ಹೊರದೇಶಗಳ ಯುದ್ಧಸ್ಮಾರಕಗಳನ್ನೂ ಇಟ್ಟು, ಕಾದಿದವರನ್ನು ಜನ ಕಲ್ಲಿನಲ್ಲಿ ಹೇಗೆ ನೆನೆಯುತ್ತಾರೆಂದು ತೋರಿಸಬೇಕೆಂಬುದು ಅವರ ಮೂರು ವರ್ಷದ ಕೆಲಸ. ಯಾವುದೋ ವಿಚಾರಗೋಷ್ಠಿಯಲ್ಲಿ ಈ ದಂಡನಾಯಕನ ಮನೆತನದ ಹಿರಿಯಾಕೆಯೊಬ್ಬರಿಗೆ ಅವರು ನಮ್ಮ ವೀರಗಲ್ಲಿನ ಫೋಟೋ ತೋರಿಸಿದ್ದರಂತೆ. ಆಕೆ ಅದನ್ನು ಬಹಳ ಹೊತ್ತು ನೋಡಿ, ನಮ್ಮದೊಂದು ಇದೆ, ಅದರ ಪ್ರತಿ ಮಾಡಲು ಕೊಡುವ ಬಗ್ಗೆ ಮನೆಯವರನ್ನು ಕೇಳುತ್ತೇನೆ ಎಂದರಂತೆ. ಪತ್ರಿಕೆಯ ಡೆಸ್ಕು ಬಿಟ್ಟ ಮೇಲೆ ನಾನು ಸಂಗ್ರಹಾಲಯದ ಬರಹಗಳ ಹೊಣೆ ಹೊತ್ತಿದ್ದೆ. ಹಾಗಾಗಿ ತಾಳೆ ನೋಡುವ ಕೆಲಸ ನನ್ನ ಪಾಲಿಗೆ ಬಂತು.

ಕೆತ್ತುವವರು ಎಪ್ಪತ್ತು ದಾಟಿದ ಶಿಲ್ಪಿ. ಪಕ್ಕದ ಊರಿನಲ್ಲಿ, ವಿಮಾನ ನಿಲ್ದಾಣಕ್ಕೆ ಹೋಗುವ ಗೋಕುಲ ರಸ್ತೆಯಲ್ಲಿ, ಗ್ರಾನೈಟ್ ಕೊಯ್ಯುವ ಕಾರ್ಖಾನೆಯೊಂದರ ಹಿಂದೆ ಅವರ ತಗಡಿನ ಶೆಡ್ಡು. ಮನೆ ಅದಕ್ಕೆ ಅಂಟಿಕೊಂಡೇ ಇದೆ. ಗುಡಿಗಳಿಗೆ ನಂದಿ ಕೆತ್ತುವುದು, ಒಡೆದ ವೀರಗಲ್ಲುಗಳನ್ನು ಜೋಡಿಸಿ ನಿಲ್ಲಿಸುವುದು, ತೀರ ಸವೆದಿದ್ದರೆ ಹೊಸದನ್ನೇ ಕೆತ್ತಿ ಕೊಡುವುದು ಅವರ ಮನೆತನದ ಕಸುಬು. ನಾನು ಅವರನ್ನು ಕಾಕಾ ಎನ್ನುತ್ತೇನೆ. ಅವರು ನನ್ನನ್ನು ಪೇಪರ್ ಸಾಹೇಬ್ರ ಎನ್ನುತ್ತಾರೆ.

ಕೆಲಸ ಹೀಗೆ ನಡೆಯಿತು. ಒಂದು ಫಲಕದ ನಲವತ್ತು ಫೋಟೋಗಳು ಬಂದಿದ್ದವು. ಪ್ರತಿಯೊಂದರಲ್ಲೂ ಕಲ್ಲಿನ ಪಕ್ಕ ಅಳತೆಪಟ್ಟಿ ಹಿಡಿದಿದ್ದರು. ಸ್ಮಾರಕಕ್ಕೆ ಏಣಿ ಆನಿಸುವಂತಿಲ್ಲವಾದ್ದರಿಂದ ಎಲ್ಲವನ್ನೂ ಕೆಳಗಿನಿಂದ ತೆಗೆದಿದ್ದರು. ಮಳೆ, ಗಾಳಿ, ಪಾಚಿ ಸೇರಿ ಮುಖಗಳ ಮೂಗು ಬಾಯಿ ತಿಂದುಹಾಕಿದ್ದವು. ಅಂಥ ಕಡೆ ಇರುವಷ್ಟನ್ನೇ ಕೆತ್ತಬೇಕು, ಇಲ್ಲದ ಮೂಗನ್ನು ತರಬಾರದು ಎಂದು ಮೊದಲ ದಿನವೇ ಮಾತಾಗಿತ್ತು. ಫೋಟೋಗಳನ್ನು ಫಲಕದಷ್ಟೇ ದೊಡ್ಡದಾಗಿ ಮುದ್ರಿಸಿ, ಅವುಗಳ ಮೇಲೆ ಎರಡೆರಡು ಇಂಚಿನ ಚೌಕ ಎಳೆದೆವು. ನಾಲ್ಕು ಅಡಿ ಅಗಲ, ಎರಡೂವರೆ ಅಡಿ ಎತ್ತರದ ಬಳಪದ ಕಲ್ಲಿನ ಮೇಲೂ ಕೆಮ್ಮಣ್ಣಿನ ದಾರ ಹೊಡೆದು ಅಷ್ಟೇ ಚೌಕ. ಒಂದೊಂದು ಚೌಕದ ಗೆರೆಯನ್ನು ಕಾಕಾ ಕಲ್ಲಿಗೆ ಇಳಿಸಿದರು. ನಾನು ಎರಡು ದಿನ ಸ್ಕೇಲು ಹಿಡಿದು ಚೌಕ ಚೌಕವಾಗಿ ತಾಳೆ ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಮೊದಲ ಸಹಿ ಮಾಡಿದೆ.

ಎರಡನೆಯ ಹಂತದಲ್ಲಿ ಹಿನ್ನೆಲೆಯ ಕಲ್ಲನ್ನು ಒಂದೂವರೆ ಇಂಚು ಇಳಿಸಿದರು. ಗೆರೆಗಳು ಹೋಗಿ ಮನುಷ್ಯರು ಗಡ್ಡೆಗಳಾಗಿ ಉಳಿದರು. ನಡುವಿನ ಗಡ್ಡೆ ಉಳಿದವಕ್ಕಿಂತ ದಪ್ಪ ಇತ್ತು. ಕೇಳಿದ್ದಕ್ಕೆ, ಅಲ್ಲಿ ಇನ್ನೂ ಕಲ್ಲು ಬಿಟ್ಟಿದ್ದೇನೆ, ಆಮೇಲೆ ನೋಡೋಣ ಎಂದರು. ಎರಡನೆಯ ಸಹಿಯೂ ಆಯಿತು.

ಮೂರನೆಯ ಹಂತದ ದಿನ ಶೆಡ್ಡಿಗೆ ಹೋದಾಗ ನಾನು ಬಾಗಿಲಲ್ಲೇ ನಿಂತೆ. ಹಿಂದಿನ ಸಲ ಗಡ್ಡೆಗಳಿದ್ದ ಕಡೆ ಹದಿನೇಳು ಜನ ಇದ್ದರು. ಯಾರೋ ಬಂದೂಕಿಗೆ ಮದ್ದು ತುಂಬುತ್ತಿದ್ದ, ಯಾರೋ ಬಾಗಿ ಓಡುತ್ತಿದ್ದ, ಒಬ್ಬ ಕೆಳಗೆ ಬಿದ್ದವನ ತೋಳು ಹಿಡಿದಿದ್ದ. ಮೇಲಿನ ಕಿಂಡಿಯ ಬಿಸಿಲು ಕಲ್ಲಿನ ಹುಡಿಯ ಮೂಲಕ ಬಂದು ಅವರ ಮೇಲೆ ಬಿದ್ದಿತ್ತು. ನಮ್ಮ ಊರಿನ ಕಲ್ಲಿನಿಂದ, ಸಮುದ್ರದಾಚೆಯ ಒಂದು ಬೆಳಗಿನ ಕಾಳಗ ಎದ್ದು ಬಂದಿತ್ತು. ಸ್ವಲ್ಪ ಹೊತ್ತಾದ ಮೇಲೆ ನಾನು ಕೆಲಸಕ್ಕೆ ಕೂತೆ. ಜನರನ್ನು ಎಣಿಸಿದೆ. ಬಂದೂಕು, ಮರದ ಆಯುಧ, ಟೊಪ್ಪಿಗೆಗಳನ್ನು ಎಣಿಸಿದೆ. ಯಾರು ಯಾವ ಕಡೆ ಮುಖ ಮಾಡಿದ್ದಾರೆಂದು ಗುರುತು ಹಾಕಿದೆ. ಎಲ್ಲವೂ ಫೋಟೋಗೆ ಹೊಂದಿದವು. ಡೆಸ್ಕಿನಲ್ಲಿ ನಾವು ನೋಡುತ್ತಿದ್ದುದೂ ಅದನ್ನೇ: ಸಂಖ್ಯೆ, ಹೆಸರು, ದಿಕ್ಕು. ಎತ್ತರವನ್ನು ಅಳೆಯಲಿಲ್ಲ. ಅಳತೆ ಮೊದಲ ಹಂತದಲ್ಲೇ ಮುಗಿದಿದೆ ಎಂಬುದು ನನ್ನ ತಿಳಿವಳಿಕೆ. ಮೂರನೆಯ ಸಹಿ ಮಾಡಿ ಮನೆಗೆ ಹೋಗಿ ಫಲಕದ ಪಕ್ಕ ಹಾಕುವ ಬರಹ ಬರೆದೆ. ಅದರ ಕೊನೆಯ ಎರಡು ಸಾಲು: ‘ನಡುವೆ ದೊಡ್ಡದಾಗಿ ಕಾಣುವವನೇ ದಂಡನಾಯಕ. ಅವನ ಕೈಯಲ್ಲಿ ಸರ್ಕಾರ ಕೊಟ್ಟ ಖಡ್ಗವಿದೆ.’

ಅದನ್ನು ನಾನು ಫೋಟೋ ನೋಡಿ ಬರೆಯಲಿಲ್ಲ. ಕಲ್ಲನ್ನು ನೆನೆದು ಬರೆದೆ.

ಪ್ರದರ್ಶನ ಭಾನುವಾರ. ಹಿರಿಯಾಕೆ ಬರುವುದು ಗುರುವಾರ. ಮಂಗಳವಾರ ಬೆಳಿಗ್ಗೆ ಮುದ್ರಣದವರು ಬರಹಗಳ ಕರಡು ತಂದುಕೊಟ್ಟರು. ನಾನು ಅದನ್ನು ತೆಗೆದುಕೊಂಡು ಶೆಡ್ಡಿಗೆ ಹೋದೆ. ಕಾಕಾ ಮರಳುಕಾಗದ ಉಜ್ಜಿ ಕಲ್ಲಿಗೆ ಕೊನೆಯ ನುಣುಪು ಕೊಡುತ್ತಿದ್ದರು. ಕರಡನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದುವುದು ನನ್ನ ರೂಢಿ. ಹಾಗೆ ಓದಿದರೆ ಅರ್ಥ ಕಣ್ಣನ್ನು ಎಳೆದುಕೊಂಡು ಹೋಗುವುದಿಲ್ಲ, ಒಂದೊಂದು ಸಾಲೂ ಒಂಟಿಯಾಗಿ ನಿಲ್ಲುತ್ತದೆ. ಕೊನೆಯ ಸಾಲಿನಲ್ಲಿ ಖಡ್ಗ ಇತ್ತು. ಕಲ್ಲಿನ ನಡುವಿನವನ ಕೈ ನೋಡಿದೆ. ಅಲ್ಲಿ ಇದ್ದದ್ದು ಉದ್ದನೆಯ ಮರದ ಆಯುಧ. ತಲೆಯ ಮೇಲೆ ಟೊಪ್ಪಿಗೆ ಇರಲಿಲ್ಲ. ಒಂದು ಮೊಣಕಾಲು ನೆಲಕ್ಕೆ ತಾಗಿತ್ತು. ಫೋಟೋ ಹರವಿದೆ. ಖಡ್ಗ ಇದ್ದದ್ದು ಎಡ ಅಂಚಿನಲ್ಲಿ, ಟೊಪ್ಪಿಗೆ ಹಾಕಿ ಕೈ ಮುಂದೆ ಮಾಡಿ ನಿಂತವನ ಕೈಯಲ್ಲಿ. ಅವನು ತನ್ನ ಸೈನಿಕರಷ್ಟೇ ಎತ್ತರ. ಫೋಟೋದಲ್ಲಿ ನಡುವಿನವನೂ ಅಷ್ಟೇ ಎತ್ತರ.

ಸ್ಕೇಲು ತೆಗೆದುಕೊಂಡು ಕಲ್ಲನ್ನು ಅಳೆದೆ. ಉಳಿದವರೆಲ್ಲ ಒಂದು ಅಡಿಯ ಆಸುಪಾಸು. ನಡುವಿನವನು, ಮಡಿಚಿದ ಕಾಲನ್ನು ಬಿಟ್ಟೇ, ಒಂದು ಅಡಿ ನಾಲ್ಕು ಇಂಚು. ಮೂರು ಸಲ ಅಳೆದೆ.

“ಕಾಕಾ, ಇವನ್ನ ಯಾಕ ದೊಡ್ಡಾವನ್ನ ಮಾಡೀರಿ?”

ಅವರು ಉಜ್ಜುವುದನ್ನು ನಿಲ್ಲಿಸಲಿಲ್ಲ. “ವೀರನ್ನ ಸಣ್ಣಾಂವ ಮಾಡಾಕ ಬರತೈತೇನ್ರಿ?”

“ವೀರ ಇಂವ ಅಲ್ರೀ. ಅಲ್ಲೆ ಎಡಕ ಟೊಪಿಗಿ ಹಾಕ್ಕೊಂಡು ನಿಂತಾನಲ್ಲ, ಅಂವ.”

ಕಾಕಾ ಎಡಕ್ಕೆ ನೋಡಿದರು. ಫೋಟೋ ನೋಡಿದರು. ಆಮೇಲೆ ನನ್ನನ್ನು ನೋಡಿದರು. “ಅಂವ ನಿಂತಾನಲ್ರೀ.”

“ನಿಂತಾನ. ಅದಕ್ಕೇನಾತು?”

“ನಿಂತಾವಗ ಯಾರ್ ಕಲ್ಲ ಹಾಕ್ತಾರ್ರೀ ಸಾಹೇಬ್ರ? ಬಿದ್ದಾವಗ ಹಾಕ್ತಾರ.”

ಅವರು ಹೇಳಿದ್ದು ಸರಿ ಇತ್ತು. ನಮ್ಮ ಸೀಮೆಯಲ್ಲಿ ವೀರಗಲ್ಲು ಗೆದ್ದು ಮನೆಗೆ ಬಂದವನದಲ್ಲ. ದನ ಬಿಡಿಸಲು ಹೋಗಿ, ಊರು ಕಾಯಲು ಹೋಗಿ, ದಣಿಯ ಪರವಾಗಿ ಕಾದು ಸತ್ತವನದು. ಗೆದ್ದ ದಣಿಯ ಹೆಸರು ಶಾಸನದಲ್ಲಿ ಬರಬಹುದು, ಕಲ್ಲಿನ ಮೇಲೆ ದೊಡ್ಡದಾಗಿ ಇರುವವನು ಸತ್ತವನೇ. ಕಾಕಾ ಹದಿನೇಳು ಜನರಲ್ಲಿ ವೀರನನ್ನು ಹುಡುಕಿದ್ದರು, ಅಂದರೆ ಸಾಯುತ್ತಿರುವವನನ್ನು ಹುಡುಕಿದ್ದರು. ದಂಡನಾಯಕ ಆ ಕಾಳಗದಲ್ಲಿ ಗೆದ್ದು, ಮುದುಕನಾಗಿ, ತನ್ನ ಊರಲ್ಲಿ ತೀರಿಕೊಂಡ ಎಂಬುದನ್ನು ಅವರಿಗೆ ಹೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಗೆರೆ ಇಳಿಸುವಾಗ ಅವರು ಚೌಕಕ್ಕೆ ನಿಷ್ಠರಾಗಿದ್ದರು. ಉಳಿ ಕೈಗೆ ಬಂದ ಮೇಲೆ, ಮುಖ ಅಳಿಸಿದ ಆ ಒಬ್ಬನಿಗೆ ಕಲ್ಲು ಹೆಚ್ಚು ಬಿಟ್ಟಿದ್ದರು. ನಾನೂ ಇದೇ ಸೀಮೆಯವನು. ದೊಡ್ಡದಾಗಿ ಕಂಡವನನ್ನು ವೀರನೆಂದುಕೊಂಡು ಅವನ ಕೈಗೆ ಇಲ್ಲದ ಖಡ್ಗ ಕೊಟ್ಟಿದ್ದೆ.

ಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಕಾಕಾನ ಹೆಂಡತಿ, ಇಬ್ಬರೂ ಕನ್ನಡಕ ಹಾಕಿಕೊಂಡು ತಿಂಗಳುಗಟ್ಟಲೆ ನೋಡಿದಿರಿ, ಟೊಪ್ಪಿಗೆ ಹಾಕಿದವನು ಇಬ್ಬರಿಗೂ ಕಾಣಲಿಲ್ಲವೇ ಎಂದು ಕೇಳಿ ಒಳಗೆ ಹೋದರು.

ಬುಧವಾರ ನಿರ್ದೇಶಕಿ ಧಾರವಾಡದಿಂದ ಬಂದರು. ಅವರು ಕೂಗಾಡುವವರಲ್ಲ. ಕಲ್ಲಿನ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಮರುದಿನ ಮಧ್ಯಾಹ್ನದೊಳಗೆ ನಡುವಿನವನನ್ನು ತಾಸಿ ಸಣ್ಣವನನ್ನಾಗಿ ಮಾಡಲು ಬರುತ್ತದೆಯೇ ಎಂದು ಕೇಳಿದರು. ಕಾಕಾ ಕಸುಬಿನ ಮಾತನ್ನೇ ಹೇಳಿದರು: ಆಕೃತಿಯ ಅಂಚು ಒಳಗೆ ಸರಿದರೆ ಅದರ ಸುತ್ತ ಹಿನ್ನೆಲೆಯನ್ನೂ ಇಳಿಸಬೇಕು, ಆಗ ಅವನೊಬ್ಬನೇ ತಗ್ಗಿನಲ್ಲಿ ಕೂತಂತೆ ಕಾಣುತ್ತಾನೆ, ತಗ್ಗು ಮರೆಸಲು ಇಡೀ ಫಲಕವನ್ನು ಇಳಿಸಿದರೆ ಉಳಿದ ಹದಿನಾರು ಜನ ತೆಳ್ಳಗಾಗುತ್ತಾರೆ. ನಿರ್ದೇಶಕಿ, ಸ್ವಲ್ಪ ತಗ್ಗಾದರೂ ಪರವಾಗಿಲ್ಲ ಎಂದರು. ಆಗ ಕಾಕಾ ಉಳಿಯನ್ನು ಚೀಲದೊಳಗೆ ಹಾಕಿದರು.

“ಒಮ್ಮೆ ಸತ್ತಾನ್ರಿ ಅಂವ. ಎರಡನೇ ಸಲ ನಾ ಕಡ್ಯಾಂಗಿಲ್ಲ.”

ನಿರ್ದೇಶಕಿ ನನ್ನ ಕಡೆ ತಿರುಗಿದರು. ಬಂದವರಿಗೆ ಮೊದಲು ಊಟ, ವಿಶ್ರಾಂತಿ, ವೀರಗಲ್ಲುಗಳ ದರ್ಶನ ಆಗಲಿ; ಫಲಕವನ್ನು ಕೊನೆಗೆ ತೋರಿಸೋಣ; ಸವೆದ ಕಲ್ಲಿನ ಫೋಟೋ, ಅದೂ ಕೆಳಗಿನಿಂದ ತೆಗೆದದ್ದು, ಅವರ ಕಣ್ಣಿಗೆ ಇದು ಬೀಳದೆಯೂ ಇರಬಹುದು ಎಂದರು. ಬರಹವನ್ನಂತೂ ತಿದ್ದಿದ್ದಾಗಿದೆಯಲ್ಲ ಎಂದೂ ಸೇರಿಸಿದರು. ನಾನು, ಪತ್ರದಲ್ಲಿ ನನ್ನ ಮೂರು ಸಹಿ ಇವೆ, ಅವರು ಕಲ್ಲು ನೋಡುವ ಮೊದಲೇ ಹೇಳುತ್ತೇನೆ, ಒಪ್ಪಿದರೆ ತಪ್ಪನ್ನು ಬರೆದು ಗೋಡೆಗೆ ಹಾಕೋಣ ಎಂದೆ.

“ನಿಮ್ಮ ಪೇಪರಿನ್ಯಾಗ ತಪ್ಪಾದ್ರ ಮರುದಿವಸ ಒಳಗಿನ ಪುಟದಾಗ ಸಣ್ಣ ಅಕ್ಷರದಾಗ ಹಾಕಿ ಕೈ ತೊಳಕೋತಿದ್ರಿ,” ಎಂದರು ನಿರ್ದೇಶಕಿ. “ಇಲ್ಲೆ ಅವರು ಹೂಂ ಅನ್ಲಿಲ್ಲಂದ್ರ ಒಳಗಿನ ಪುಟನೂ ಇಲ್ಲ, ಹೊರಗಿನ ಪುಟನೂ ಇಲ್ಲ. ಮೂರು ವರ್ಷದ ಕೆಲಸ ಅದ ಇದು.”

ಅದು ನನಗೂ ಗೊತ್ತಿತ್ತು. ಹಾಗಿದ್ದೂ ಹೇಳುತ್ತೇನೆ ಎಂದೆ. ಅವರು ಕಾರು ಹತ್ತುವಾಗ, ಕನಿಷ್ಠ ಊಟ ಆಗುವತನಕ ಸುಮ್ಮನಿರಿ ಎಂದರು. ಅದಕ್ಕೂ ನಾನು ಮಾತು ಕೊಡಲಿಲ್ಲ.

ಗುರುವಾರ ಮಧ್ಯಾಹ್ನದ ವಿಮಾನದಲ್ಲಿ ಹಿರಿಯಾಕೆ ಬಂದಿಳಿದರು. ಒಬ್ಬರೇ ಬಂದಿದ್ದರು. ಎಪ್ಪತ್ತೈದರ ಆಸುಪಾಸು, ಬೆಳ್ಳಿ ಕೂದಲು, ಕಪ್ಪು ಉಡುಪು, ಕೊರಳಲ್ಲಿ ಹಸಿರು ಕಲ್ಲು. ಕಾರು ವಿಮಾನ ನಿಲ್ದಾಣದ ಗೇಟು ದಾಟುವಷ್ಟರಲ್ಲಿ ನಾನು ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದೆ. ಯಾವ ಆಕೃತಿ, ಎಷ್ಟು ಇಂಚು, ಯಾವ ಹಂತದಲ್ಲಿ, ಯಾರ ಸಹಿ ಎಂದು ಕ್ರಮವಾಗಿ ಹೇಳಿದೆ. ಶಿಲ್ಪಿ ಯಾಕೆ ಹಾಗೆ ಮಾಡಿದರೆಂಬುದನ್ನು ಹೇಳಲಿಲ್ಲ. ಅದು ಸಮಜಾಯಿಷಿಯಂತೆ ಕೇಳಿಸಬಹುದಿತ್ತು. ಅವರು ಕಿಟಕಿಯ ಹೊರಗೆ ನೋಡುತ್ತ ಕೇಳಿದರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು: ಕೆತ್ತಿದವರು ಎಲ್ಲಿದ್ದಾರೆ? ಇದೇ ರಸ್ತೆಯಲ್ಲಿ, ಹತ್ತು ನಿಮಿಷ ಎಂದೆ. ಮೊದಲು ಅಲ್ಲಿಗೆ ಹೋಗೋಣ ಎಂದರು. ನಾನು ನಿರ್ದೇಶಕಿಗೆ ಫೋನು ಮಾಡಿ, ಊಟಕ್ಕೆ ತಡವಾಗುತ್ತದೆ, ನೀವೇ ಶೆಡ್ಡಿಗೆ ಬನ್ನಿ ಎಂದು ತಿಳಿಸಿದೆ.

ಶೆಡ್ಡಿನ ಗೇಟಿನ ಹೊರಗೆ ಹಿರಿಯಾಕೆ ನಿಂತರು. ನಾನು ಒಳಗೆ ಹೋಗಿ ತಿರುಗಿ ನೋಡಿದೆ, ಅವರು ಬರಲಿಲ್ಲ. ಕೈ ಮುಂದೆ ಮಾಡಿದೆ. ಬರಲಿಲ್ಲ. ಕಾಕಾ ಎದ್ದು ಕೈ ಮುಗಿದರು, ಅದಕ್ಕೆ ತಲೆ ಬಾಗಿಸಿದರು, ಆದರೆ ಹೆಜ್ಜೆ ಕಿತ್ತಿಡಲಿಲ್ಲ. ಪಕ್ಕದ ಕಾರ್ಖಾನೆಯಲ್ಲಿ ಗರಗಸ ಗ್ರಾನೈಟು ಕೊಯ್ಯುತ್ತಿತ್ತು. ಸಿಟ್ಟಾಗಿದ್ದಾರೆ ಎಂದುಕೊಂಡೆ. ಆಗ ಕಾಕಾನ ಹೆಂಡತಿ ತಂಬಿಗೆಯಲ್ಲಿ ನೀರು ಹಿಡಿದು ಮನೆಯಿಂದ ಹೊರಬಂದರು. ಗರಗಸದ ಸದ್ದಿಗೆ ಮೇಲಾಗಿ ಕೇಳಿಸಬೇಕಿತ್ತಲ್ಲ, ದನಿ ಎತ್ತರಿಸಿ, ಉದ್ದಕ್ಕೆ ಎಳೆದು ಕರೆದರು.

“ಬರ್ರೀ ಅವ್ವಾರ, ಒಳಗ ಬರ್ರೀ.”

ಹಿರಿಯಾಕೆ ಕಣ್ಣು ಮುಚ್ಚಿ ತೆರೆದರು. ತಮ್ಮ ಭಾಷೆಯಲ್ಲಿ, ಅಷ್ಟೇ ಉದ್ದದ ದನಿಯಲ್ಲಿ ಏನನ್ನೋ ಕೂಗಿ ಹೇಳುತ್ತ, ನಿಧಾನವಾಗಿ ನಡೆದು ಬಂದರು. ತಮ್ಮ ಜನರಲ್ಲಿ ಹೊರಗಿನವರನ್ನು ಮೊದಲು ಕರೆಯುವುದು ಹೆಂಗಸಿನ ದನಿ, ಬಂದವರ ಕಡೆಯಿಂದಲೂ ಹೆಂಗಸೇ ಓಗೊಡಬೇಕು ಎಂದು ಅವರು ನನಗೆ ಹೇಳಿದ್ದು ಆಮೇಲೆ. ಬರುವಾಗ ಯಾರೊಂದಿಗೆ ಬರುತ್ತಿದ್ದೇನೆಂದು, ತೀರಿಕೊಂಡವರನ್ನೂ ಸೇರಿಸಿ, ಹೇಳಬೇಕಂತೆ. ಕಾಕಾನ ಹೆಂಡತಿಗೆ ಇದಾವುದೂ ಗೊತ್ತಿರಲಿಲ್ಲ. ಅವರು ತಂಬಿಗೆಯ ನೀರು ಕಾಲಿಗೆ ಕೊಟ್ಟು, ಸೆರಗಿನಿಂದ ಒಂದು ಕುರ್ಚಿ ಒರೆಸಿದರು. ನನ್ನ ನೋಟ್‌ಬುಕ್ಕಿನಲ್ಲಿ ಆ ಹೊತ್ತಿಗೆ ಬರೆದದ್ದು ಸಮಯ ಮಾತ್ರ.

ಅವರು ಕುರ್ಚಿಯಲ್ಲಿ ಕೂರಲಿಲ್ಲ. ಕಲ್ಲಿನ ಮುಂದೆ ನಿಂತು ಎಡದಿಂದ ಬಲಕ್ಕೆ ಒಬ್ಬೊಬ್ಬರನ್ನೇ ನೋಡಿದರು. ಎಡ ಅಂಚಿನ ದಂಡನಾಯಕನ ಮುಂದೆ ನಿಂತು ಮೆಲ್ಲಗೆ ಏನೋ ಹೇಳಿದರು. ಅದರಲ್ಲಿ ಹೆಸರುಗಳು ಸಾಲಾಗಿ ಬಂದವು. ನಡುವಿನವನ ಮುಂದೆ ಬಂದಾಗ ದನಿ ನಿಂತಿತು. ಇವನನ್ನು ದೊಡ್ಡದಾಗಿ ಮಾಡಿದ್ದು ಯಾಕೆಂದು ಶಿಲ್ಪಿಯನ್ನು ಕೇಳಿ ಎಂದರು.

ಕಾಕಾ ಹೇಳಿದರು, ನಾನು ಅನುವಾದಿಸಿದೆ. ವೀರಗಲ್ಲು ಯಾರಿಗೆ ಹಾಕುತ್ತಾರೆ, ಹೇಗೆ ಹಾಕುತ್ತಾರೆ, ಅಪ್ಪ ಹೇಗೆ ಕಲಿಸಿದ್ದರು ಎಂಬುದೆಲ್ಲ. ಹಿರಿಯಾಕೆ ಕೇಳಿದರು: ಅವನು ಯಾವ ಪಕ್ಷದವನೆಂದು ನಿಮಗೆ ಗೊತ್ತಿರಲಿಲ್ಲವೇ?

“ಯಾ ಕಡ್ಯಾಂವ ಅನ್ನೂದು ಗೊತ್ತಿರಲಿಲ್ರಿ ಅವ್ವಾರ,” ಎಂದರು ಕಾಕಾ. “ಬಿದ್ದಾನ ಅನ್ನೂದಷ್ಟ ಗೊತ್ತಿತ್ತು.”

ಇದನ್ನು ನಾನು ಇಂಗ್ಲಿಷಿಗೆ ತಂದಾಗ ಹಿರಿಯಾಕೆ ಕುರ್ಚಿಯನ್ನು ಕಲ್ಲಿನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಕೂತರು. ಅವರು ಹೇಳಿದ್ದನ್ನು ನಾನು ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ. ಅವರು ದಂಡನಾಯಕನ ವಂಶದವರು ತಂದೆಯ ಕಡೆಯಿಂದ. ತಾಯಿಯ ಜನ ಫಲಕದ ಬಲಗಡೆ ಇರುವವರು, ಸೋತವರು; ನಡುವೆ ಮೊಣಕಾಲೂರಿದವನೂ ಅವರವನೇ. ಯುದ್ಧ ಮುಗಿದು ಎಷ್ಟೋ ಕಾಲದ ಮೇಲೆ ಎರಡು ಕಡೆಯ ಮಕ್ಕಳು ಮದುವೆಯಾದರು. ವರ್ಷಕ್ಕೊಮ್ಮೆ ಸ್ಮಾರಕಕ್ಕೆ ಹೂವಿಡಲು ತಂದೆಯ ಮನೆಯವರೆಲ್ಲ ಹೋಗುತ್ತಿದ್ದರು. ತಾಯಿಯೂ ಬರುತ್ತಿದ್ದಳು, ಆದರೆ ಉದ್ಯಾನದೊಳಗೆ ಕಾಲಿಡುತ್ತಿರಲಿಲ್ಲ. ರಸ್ತೆಯ ಆಚೆ ಬದಿಗೆ ಕೈಚೀಲ ಹಿಡಿದು ನಿಲ್ಲುತ್ತಿದ್ದಳು. ಆ ಫಲಕದಲ್ಲಿ ಯಾರಿಗೂ ಹೆಸರಿಲ್ಲ. ಬಲಗಡೆಯವರಲ್ಲಿ ಯಾರು ಯಾರೆಂದು ಮೂಲ ಫಲಕ ಕೆತ್ತಿದವನಿಗೂ ಗೊತ್ತಿರಲಾರದು. ಅವರಿಗೆ ಬೇರೆ ಕಲ್ಲೂ ಇಲ್ಲ.

ನಿರ್ದೇಶಕಿ ಬಂದಿದ್ದರು. ಬಾಗಿಲ ಹತ್ತಿರವೇ ನಿಂತು ಇಷ್ಟನ್ನೂ ಕೇಳಿಸಿಕೊಂಡರು. ಅವರ ಮುಖ ನೋಡಿದರೆ, ಈಗ ಹಿರಿಯಾಕೆ ಈ ಕಲ್ಲನ್ನೇ ಒಪ್ಪಿಕೊಳ್ಳುತ್ತಾರೆ ಎಂದು ಅವರಿಗೆ ಅನಿಸಿದ್ದು ತಿಳಿಯುತ್ತಿತ್ತು. ನನಗೂ ಹಾಗೇ ಅನಿಸಿತ್ತು.

ಹಿರಿಯಾಕೆ ಒಪ್ಪಲಿಲ್ಲ. ಇದು ನಮ್ಮ ಸ್ಮಾರಕ ಅಲ್ಲ ಎಂದರು. ಸ್ಮಾರಕವನ್ನು ನಿಲ್ಲಿಸಿದವರು ಯಾರನ್ನು ಎಷ್ಟೆತ್ತರ ಮಾಡಿದರೋ ಅದು ಅವರು ಬಿಟ್ಟುಹೋದ ದಾಖಲೆ. ಅದರಲ್ಲಿ ನನ್ನ ತಾಯಿಗೆ ಅನ್ಯಾಯವಾಗಿದ್ದರೆ ಆ ಅನ್ಯಾಯವೂ ಪ್ರತಿಯಲ್ಲಿ ಇರಬೇಕು. ನೋಡುವವರಿಗೆ ಅದು ಕಾಣಬೇಕು. ಸರಿಯಾದ ಫಲಕ ಕೆತ್ತಿರಿ, ಅಲ್ಲಿಯವರೆಗೆ ಆ ಜಾಗ ಖಾಲಿ ಇರಲಿ, ಯಾಕೆ ಖಾಲಿ ಎಂದು ಬರೆದು ಹಾಕಿ. ಬರೆದದ್ದನ್ನು ಕೇಳಿಸಿಕೊಂಡ ಮೇಲೆ ಪತ್ರಕ್ಕೆ ಸಹಿ ಮಾಡುವ ವಿಚಾರ.

ಕಾಕಾ ಮಾತು ತಿಳಿಯುವತನಕ ಕಾದು, ಈ ಕಲ್ಲನ್ನು ಒಡೆಯಲೇ ಎಂದು ಕೇಳಿದರು. ಊನವಾದ ಮೂರ್ತಿಯನ್ನು ನೀರಿಗೆ ಬಿಡುವುದು ಅವರ ಪದ್ಧತಿ, ಆದರೆ ಇದು ದೇವರಲ್ಲ; ಏನು ಮಾಡಬೇಕೆಂದು ಅವರಿಗೆ ತಿಳಿದಿರಲಿಲ್ಲ. ಹಿರಿಯಾಕೆ ಬೇಡ ಎಂದರು. ತಮ್ಮೂರಿಗೆ ಒಯ್ಯುವುದೂ ಬೇಡ, ಅಲ್ಲಿ ಇದು ಮತ್ತೆ ಯಾರದೋ ಪಕ್ಷವಾಗುತ್ತದೆ. ಇಲ್ಲೇ ಇರಲಿ. ನಿಮ್ಮವನೊಬ್ಬನ ಕಲ್ಲು ನಿಲ್ಲಿಸಿದಾಗ ನೀವು ಏನು ಮಾಡುತ್ತೀರೋ ಅದನ್ನು ಮಾಡಿ ಎಂದರು.

ಕಾಕಾ ಮತ್ತು ಕಾರ್ಖಾನೆಯಿಂದ ಕರೆತಂದ ಮೂವರು ಕಲ್ಲನ್ನು ಎತ್ತಿ ಪೂರ್ವಕ್ಕೆ ಮುಖ ಮಾಡಿ ಗೋಡೆಗೆ ಆನಿಸಿದರು. ನೀರು ಹೊಯ್ದು ಹುಡಿ ತೊಳೆದರು. ಬಳಪದ ಕಲ್ಲು ತೊಯ್ದರೆ ಕಪ್ಪಾಗುತ್ತದೆ. ಹದಿನೇಳು ಜನರೂ ಒಮ್ಮೆಲೇ ಕಪ್ಪಾಗಿ ಹೊಳೆದರು. ಕಾಕಾ ನಡುವಿನವನ ಹಣೆಗೆ ವಿಭೂತಿ ಹಚ್ಚಲು ಕೈ ಎತ್ತಿ, ಹಿರಿಯಾಕೆಯ ಕಡೆ ನೋಡಿದರು. ಅವರು ತಲೆಯಾಡಿಸಿದ ಮೇಲೆ ಹಚ್ಚಿದರು. ಆಮೇಲೆ ಹಿರಿಯಾಕೆ ಹಾಡಿದರು. ಎಷ್ಟು ಹೊತ್ತು ಎಂಬುದು ನನ್ನ ನೋಟ್‌ಬುಕ್ಕಿನಲ್ಲಿ ಇಲ್ಲ. ಗರಗಸದ ಸದ್ದು ನಡುವೆ ಯಾವಾಗಲೋ ನಿಂತಿತ್ತು. ಕೆಲಸಗಾರರು ಕಾಂಪೌಂಡಿನ ಗೋಡೆಯಾಚೆ ಟೊಪ್ಪಿಗೆ ತೆಗೆದು ನಿಂತಿದ್ದರು. ಯಾರೂ ಅವರಿಗೆ ಹೇಳಿರಲಿಲ್ಲ. ಹೊರಡುವಾಗ ಹಿರಿಯಾಕೆ ನಲ್ಲಿಯಲ್ಲಿ ಕೈ ತೊಳೆದು ತಲೆಗೆ ನೀರು ಚಿಮುಕಿಸಿಕೊಂಡರು. ಅದನ್ನು ನೋಡಿ ಕಾಕಾನ ಹೆಂಡತಿ, ನಾವೂ ಸತ್ತವರ ಮಣ್ಣಿಗೆ ಹೋಗಿ ಬಂದರೆ ಹೀಗೇ ಮಾಡುತ್ತೇವೆ ಎಂದು ನನಗೆ ಹೇಳಿ, ತಾವೂ ಕೈ ತೊಳೆದರು.

ಶುಕ್ರವಾರ ಇಡೀ ದಿನ ನಾನು ನಾಲ್ಕು ಸಾಲು ಬರೆದೆ. ಶನಿವಾರ ಮಧ್ಯಾಹ್ನ ಮಾಳಮಡ್ಡಿಯ ಕಟ್ಟಡದಲ್ಲಿ ಹಿರಿಯಾಕೆ ವೀರಗಲ್ಲುಗಳನ್ನೆಲ್ಲ ನೋಡಿ ಮುಗಿಸಿ, ಖಾಲಿ ಕಟ್ಟೆಯ ಮುಂದೆ ಬಂದು ನಿಂತರು. ಅದರ ಹಿಂದಿನ ಗೋಡೆಯ ಮೇಲೆ ಮುದ್ರಿಸಿದ ಹಾಳೆ ಇತ್ತು. ಓದಿ ಹೇಳಲು ಕೇಳಿದರು. ಕನ್ನಡದಲ್ಲಿ ಓದಿ ಇಂಗ್ಲಿಷಿನಲ್ಲಿ ಹೇಳಿದೆ:

‘ಇಲ್ಲಿ ಇರಬೇಕಾದ ಫಲಕವನ್ನು ಕೆತ್ತುವಾಗ ಶತ್ರುಪಕ್ಷದ ಒಬ್ಬನ ಆಕೃತಿ ಮೂಲಕ್ಕಿಂತ ದೊಡ್ಡದಾಯಿತು. ನಮ್ಮ ಸೀಮೆಯಲ್ಲಿ ಕಲ್ಲು ಹಾಕುವುದು ಕಾದು ಸತ್ತವನಿಗೆ. ಹಾಗಾಗಿ ಶಿಲ್ಪಿಯ ಕೈ ಸತ್ತವನನ್ನು ಹುಡುಕಿತು. ತಾಳೆ ನೋಡಿ ಸಹಿ ಮಾಡಿದವರಿಗೆ ತಪ್ಪು ಕಾಣಲಿಲ್ಲ. ಸರಿಯಾದ ಪ್ರತಿ ಸಿದ್ಧವಾಗುತ್ತಿದೆ.’

ಮೊದಲ ವಾಕ್ಯವನ್ನು ಮತ್ತೊಮ್ಮೆ ಹೇಳಿಸಿಕೊಂಡರು. ಶತ್ರು ಎಂಬುದು ಯಾವ ಪದ ಎಂದು ಕೇಳಿದರು. ತೋರಿಸಿದೆ. ಅದರ ಮೇಲೆ ಹೆಬ್ಬೆರಳು ಇಟ್ಟರು. ಆ ಕಾಲದ ಪತ್ರಿಕೆಗಳು ಹೀಗೇ ಬರೆದಿದ್ದವು, ಅದು ಅವರು ಬರೆದದ್ದು. ಇದನ್ನು ನೀವು ಬರೆಯುತ್ತಿದ್ದೀರಿ ಎಂದರು. ಹಾಗಾದರೆ ಏನು ಬರೆಯಲಿ ಎಂದು ಕೇಳಿದೆ. ಅವರು ಮೊದಲು ತಮ್ಮ ಭಾಷೆಯಲ್ಲಿ ಒಂದು ಮಾತು ಹೇಳಿಕೊಂಡು ನೋಡಿದರು, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದರು. ನಾನು ಪೆನ್ನಿನಿಂದ ಪದ ಹೊಡೆದು ಮೇಲೆ ಬರೆದೆ. ಬೇರೆ ಹಾಳೆ ಮುದ್ರಿಸಲು ಸಂಜೆಯವರೆಗೆ ಸಮಯವಿದೆ ಎಂದು ನಿರ್ದೇಶಕಿಗೆ ಹೇಳಿದೆ.

ಅವರು ಹತ್ತಿರ ಬಂದು ಓದಿದರು. “ಇರ್ಲಿ ಬಿಡ್ರಿ,” ಎಂದರು. “ತಿದ್ದಿದ್ದು ಕಾಣ್ಲಿ.”

ಹಾಳೆ ಈಗಲೂ ಹಾಗೇ ಇದೆ. ‘ಇಲ್ಲಿ ಇರಬೇಕಾದ ಫಲಕವನ್ನು ಕೆತ್ತುವಾಗ, ಎದುರು ನಿಂತ ನಮ್ಮವನೊಬ್ಬನ ಆಕೃತಿ ಮೂಲಕ್ಕಿಂತ ದೊಡ್ಡದಾಯಿತು.’ ಆ ದಿನ ಹಿರಿಯಾಕೆ ಅದನ್ನು ಕನ್ನಡದಲ್ಲೇ ಇನ್ನೊಮ್ಮೆ ಓದಿಸಿಕೊಂಡರು. ಪೂರ್ತಿ ಕೇಳಿದ ಮೇಲೆ ನನ್ನ ಕೈಯಲ್ಲಿದ್ದ ಪೆನ್ನು ತೆಗೆದುಕೊಂಡು, ಪತ್ರ ಎಲ್ಲಿ ಎಂದರು.